37 ಎಂಬ ಸಂಖ್ಯೆ ಎಲ್ಲಿಂದ ಬಂತು: ಎಸ್ಟೋನಿಯದ ಸಂಸತ್ತು ರೂಪುಗೊಳ್ಳುವ ಬಗೆ

2023ರ ಮಾರ್ಚ್ 5ರಂದು ಎಸ್ಟೋನಿಯದಲ್ಲಿ ಮಹಾಚುನಾವಣೆ ನಡೆಯಿತು. ಅಲ್ಲಿನ ಸಂಸತ್ತಿನ ಹೆಸರು ರೀಗಿಕೋಗು. ಒಂದೇ ಸದನ, 101 ಸದಸ್ಯರು, ನಾಲ್ಕು ವರ್ಷದ ಅವಧಿ. ರಾಜಧಾನಿ ಟಾಲಿನ್‌ನ ಟೂಂಪೆಯಾ ಗುಡ್ಡದ ಮೇಲಿರುವ ಹಳೆಯ ಕೋಟೆಯಲ್ಲಿ ಅದು ಸೇರುತ್ತದೆ. ಎಣಿಕೆ ಮುಗಿದಾಗ ಬಂದ ಚಿತ್ರ ಹೀಗಿತ್ತು: ರಿಫಾರ್ಮ್ ಪಕ್ಷಕ್ಕೆ 37, ಕನ್ಸರ್ವೇಟಿವ್ ಪೀಪಲ್ಸ್ ಪಕ್ಷಕ್ಕೆ (ಎಲ್ಲರೂ ಕರೆಯುವುದು ಎಕ್ರೆ ಎಂದೇ) 17, ಸೆಂಟರ್ ಪಕ್ಷಕ್ಕೆ 16, ಎಸ್ಟೋನಿಯ 200 ಪಕ್ಷಕ್ಕೆ 14, ಸೋಷಿಯಲ್ ಡೆಮಾಕ್ರಟರಿಗೆ 9, ಇಸಾಮಾ ಪಕ್ಷಕ್ಕೆ 8.

ಸುದ್ದಿಮನೆಗಳಿಗೆ ಇಷ್ಟು ಸಾಕಾಗುತ್ತದೆ. ನನಗೆ ಸಾಕಾಗಲಿಲ್ಲ. ರಿಫಾರ್ಮ್ ಪಕ್ಷಕ್ಕೆ ಬಿದ್ದ ಮತ ಶೇಕಡಾ 31.2. ನೂರೊಂದರಲ್ಲಿ ಅಷ್ಟು ಪಾಲೆಂದರೆ 31 ಅಥವಾ 32 ಸ್ಥಾನ ಬರಬೇಕಿತ್ತು. ಬಂದದ್ದು 37. ಅತ್ತ ಸೋಷಿಯಲ್ ಡೆಮಾಕ್ರಟರಿಗೆ ಶೇ. 9.3 ಮತ ಬಿದ್ದರೂ ಸ್ಥಾನ ಬಂದದ್ದು 9 ಮಾತ್ರ. ಇದು ಮೋಸವಲ್ಲ, ಆಕಸ್ಮಿಕವೂ ಅಲ್ಲ. ಚುನಾವಣಾ ಕಾನೂನಿನಲ್ಲಿ ಕುಳಿತಿರುವ ಒಂದು ಪುಟ್ಟ ಸಂಖ್ಯೆಯ ಕೆಲಸ. ಆ ಸಂಖ್ಯೆ ಏನು ಮಾಡುತ್ತದೆಂದು ತಿಳಿಯದೆ ಆ ಸಂಸತ್ತಿನಲ್ಲಿ ಆಮೇಲೆ ನಡೆದದ್ದು ಪೂರ್ತಿ ಅರ್ಥವಾಗುವುದಿಲ್ಲ.

ಮೊದಲು ಮತ ಹಾಕುವ ಕ್ರಮ. ದೇಶವನ್ನು 12 ಕ್ಷೇತ್ರಗಳಾಗಿ ವಿಂಗಡಿಸಿದ್ದಾರೆ. ನಮ್ಮಲ್ಲಿಯಂತೆ ಒಂದು ಕ್ಷೇತ್ರಕ್ಕೆ ಒಬ್ಬರೇ ಅಲ್ಲ. 2023ರಲ್ಲಿ ಟಾಲಿನ್ ಸುತ್ತಲಿನ ಹಾರ್ಯು ಮತ್ತು ಅದರ ಪಕ್ಕದ ರಾಪ್ಲಾ ಸೇರಿದ ಕ್ಷೇತ್ರಕ್ಕೆ 16 ಸ್ಥಾನವಿದ್ದವು. ರಷ್ಯದ ಗಡಿಗೆ ತಾಗಿದ ಇಡಾ-ವಿರು ಕ್ಷೇತ್ರಕ್ಕೆ 6. ಪ್ರತಿ ಪಕ್ಷವೂ ಕ್ಷೇತ್ರದಲ್ಲಿ ಒಂದು ಪಟ್ಟಿ ನಿಲ್ಲಿಸುತ್ತದೆ. ಆದರೆ ಮತದಾರ ಪಕ್ಷದ ಚಿಹ್ನೆಗೆ ಮತ ಒತ್ತುವುದಿಲ್ಲ. ಪಟ್ಟಿಯಲ್ಲಿರುವ ಒಬ್ಬ ಅಭ್ಯರ್ಥಿಯ ಸಂಖ್ಯೆಯನ್ನು ಬರೆಯುತ್ತಾನೆ. ಆ ಮತ ಏಕಕಾಲಕ್ಕೆ ಆ ವ್ಯಕ್ತಿಗೂ ಅವರ ಪಕ್ಷಕ್ಕೂ ಸಲ್ಲುತ್ತದೆ. ಈ ಎರಡು ಮುಖ ಮುಂದಿನ ಲೆಕ್ಕಕ್ಕೆಲ್ಲ ಅಡಿಪಾಯ.

ಎಣಿಕೆ ಮೂರು ಸುತ್ತಿನಲ್ಲಿ ಸಾಗುತ್ತದೆ. ಅರ್ಥವಾಗಲೆಂದು ಒಂದು ಕಾಲ್ಪನಿಕ ಕ್ಷೇತ್ರ ತೆಗೆದುಕೊಳ್ಳೋಣ. ಅಲ್ಲಿ 50,000 ಸಿಂಧು ಮತ, 10 ಸ್ಥಾನ. ಮತಗಳನ್ನು ಸ್ಥಾನಗಳಿಂದ ಭಾಗಿಸಿದರೆ 5,000. ಇದನ್ನು ಕೋಟಾ ಅನ್ನೋಣ. ಯಾವ ಅಭ್ಯರ್ಥಿ ಸ್ವಂತ ಬಲದಿಂದ 5,000 ಮತ ಮುಟ್ಟುತ್ತಾರೋ ಅವರು ಆ ಕ್ಷಣವೇ ಗೆದ್ದಂತೆ. ಪಕ್ಷವಿಲ್ಲದ ಸ್ವತಂತ್ರರಿಗೆ ಇರುವ ಬಾಗಿಲು ಇದೊಂದೇ.

ಎರಡನೆಯ ಸುತ್ತಿನಲ್ಲಿ ಪಕ್ಷಗಳ ಲೆಕ್ಕ. ಆ ಕ್ಷೇತ್ರದಲ್ಲಿ ಒಂದು ಪಕ್ಷದ ಎಲ್ಲ ಅಭ್ಯರ್ಥಿಗಳ ಮತ ಕೂಡಿದರೆ 13,800 ಆಯಿತೆಂದುಕೊಳ್ಳಿ. ಕೋಟಾದಿಂದ ಭಾಗಿಸಿದರೆ 2.76. ಎರಡು ಸ್ಥಾನ ಖಚಿತ. ಉಳಿದ ಭಾಗ ಕೋಟಾದ ಮುಕ್ಕಾಲು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಸ್ಥಾನ ಕೊಡಬೇಕೆಂದು ಕಾನೂನು ಹೇಳುತ್ತದೆ. ಇಲ್ಲಿ ಉಳಿದದ್ದು 0.76, ಹಾಗಾಗಿ ಮೂರು. ಮೊದಲ ಸುತ್ತಿನಲ್ಲೇ ಗೆದ್ದವರು ಈ ಮೂರರಲ್ಲಿ ಸೇರಿರುತ್ತಾರೆ. ಉಳಿದ ಸ್ಥಾನಗಳು ಪಟ್ಟಿಯಲ್ಲಿ ಹೆಚ್ಚು ಮತ ಪಡೆದವರಿಗೆ ಹೋಗುತ್ತವೆ. ಪಕ್ಷ ಬರೆದ ಕ್ರಮ ಇಲ್ಲಿ ನಡೆಯುವುದಿಲ್ಲ. ಈ ಸುತ್ತಿಗೆ ಬರಬೇಕಾದರೆ ಪಕ್ಷ ಇಡೀ ದೇಶದಲ್ಲಿ ಶೇ. 5 ಮತ ಪಡೆದಿರಲೇಬೇಕು.

ಮೂರನೆಯ ಸುತ್ತಿನಲ್ಲಿದೆ ನಿಜವಾದ ಸ್ವಾರಸ್ಯ. ಕ್ಷೇತ್ರಗಳಲ್ಲಿ ತುಂಬದೆ ಉಳಿದ ಸ್ಥಾನಗಳನ್ನೆಲ್ಲ ಒಟ್ಟುಗೂಡಿಸಿ, ಇಡೀ ದೇಶವನ್ನು ಒಂದೇ ಕ್ಷೇತ್ರವೆಂದು ಭಾವಿಸಿ ಹಂಚುತ್ತಾರೆ. ಇವು ಪರಿಹಾರ ಸ್ಥಾನಗಳು. ಕ್ಷೇತ್ರದ ಲೆಕ್ಕದಲ್ಲಿ ಯಾರಿಗೆ ಕಡಿಮೆಯಾಗಿದೆಯೋ ಅವರಿಗೆ ತುಂಬಿಕೊಡುವುದು ಇವುಗಳ ಉದ್ದೇಶ. ಇಲ್ಲಿ ಮಾತ್ರ ಪಕ್ಷ ಮೊದಲೇ ಕೊಟ್ಟ ರಾಷ್ಟ್ರೀಯ ಪಟ್ಟಿಯ ಕ್ರಮ ಮುಖ್ಯ. ಹಾಗಾಗಿ ಪಟ್ಟಿಯ ಮೇಲ್ತುದಿಯಲ್ಲಿ ಹೆಸರು ಹಾಕಿಸಿಕೊಳ್ಳಲು ಪಕ್ಷದೊಳಗೆ ಪೈಪೋಟಿ ಇರುತ್ತದೆ.

ಹಂಚುವ ವಿಧಾನಕ್ಕೆ ಬೆಲ್ಜಿಯಂನ ವಿಕ್ಟರ್ ಡೊಂಟ್ ಅವರ ಹೆಸರಿದೆ. ಯುರೋಪಿನ ಅನೇಕ ದೇಶಗಳಲ್ಲಿ ಅದೇ ಬಳಕೆಯಲ್ಲಿದೆ. ಪ್ರತಿ ಪಕ್ಷದ ಮತವನ್ನು 1ರಿಂದ, ಆಮೇಲೆ 2ರಿಂದ, 3ರಿಂದ, 4ರಿಂದ ಭಾಗಿಸುತ್ತ ಹೋಗಬೇಕು. ಬಂದ ಭಾಗಲಬ್ಧಗಳನ್ನೆಲ್ಲ ದೊಡ್ಡದರಿಂದ ಚಿಕ್ಕದಕ್ಕೆ ಒಂದೇ ಸಾಲಿನಲ್ಲಿ ಜೋಡಿಸಬೇಕು. ಎಷ್ಟು ಸ್ಥಾನಗಳಿವೆಯೋ ಅಷ್ಟು ಭಾಗಲಬ್ಧಗಳನ್ನು ಮೇಲಿನಿಂದ ಎಣಿಸಿದರೆ ಹಂಚಿಕೆ ಮುಗಿಯಿತು. ಕ್ಷೇತ್ರಗಳಲ್ಲಿ ಪಕ್ಷ ಈಗಾಗಲೇ ಗೆದ್ದಷ್ಟು ಭಾಗಲಬ್ಧಗಳನ್ನು ಬಿಟ್ಟು ಮುಂದಿನದರಿಂದ ಎಣಿಕೆ ಶುರುವಾಗುತ್ತದೆ.

ಎಸ್ಟೋನಿಯ ಇದಕ್ಕೊಂದು ತಿದ್ದುಪಡಿ ಮಾಡಿಕೊಂಡಿದೆ. 2, 3, 4 ಎಂದು ನೇರವಾಗಿ ಭಾಗಿಸುವ ಬದಲು ಆ ಸಂಖ್ಯೆಗಳ 0.9ನೆಯ ಘಾತದಿಂದ ಭಾಗಿಸುತ್ತಾರೆ. 2ರ ಜಾಗದಲ್ಲಿ ಸುಮಾರು 1.87 ಬರುತ್ತದೆ, 3ರ ಜಾಗದಲ್ಲಿ 2.69, 10ರ ಜಾಗದಲ್ಲಿ 7.94, 37ರ ಜಾಗದಲ್ಲಿ 25.8. ಸಾಲು ಉದ್ದವಾದಷ್ಟೂ ಭಾಜಕ ಹಿಂದೆ ಬೀಳುತ್ತದೆ. ಅಂದರೆ ಹೆಚ್ಚು ಸ್ಥಾನ ಗೆಲ್ಲುವ ಪಕ್ಷಕ್ಕೆ ಮುಂದಿನ ಸ್ಥಾನ ಸ್ವಲ್ಪ ಸ್ವಲ್ಪವೇ ಅಗ್ಗವಾಗುತ್ತ ಹೋಗುತ್ತದೆ. ಹೆಚ್ಚು ಕೊಂಡವರಿಗೆ ಸಗಟು ದರ ಸಿಕ್ಕಂತೆ.

ಈ ರಿಯಾಯಿತಿ ಎಷ್ಟು ದೊಡ್ಡದು? 2023ರ ಶೇಕಡಾವಾರು ಮತಗಳನ್ನಿಟ್ಟುಕೊಂಡು ನಾನು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡಿದೆ. ಕ್ಯಾಲ್ಕುಲೇಟರ್ ಇದ್ದರೆ ಯಾರು ಬೇಕಾದರೂ ಹಾಕಬಹುದು: ರಿಫಾರ್ಮ್ 31.2, ಎಕ್ರೆ 16.1, ಸೆಂಟರ್ 15.3, ಎಸ್ಟೋನಿಯ 200ಕ್ಕೆ 13.3, ಸೋಷಿಯಲ್ ಡೆಮಾಕ್ರಟರಿಗೆ 9.3, ಇಸಾಮಾಕ್ಕೆ 8.2. 0.9ರ ಘಾತ ಹಾಕಿ 101 ಸ್ಥಾನ ಹಂಚಿದರೆ ನಿಜವಾದ ಫಲಿತಾಂಶವೇ ಚಾಚೂ ತಪ್ಪದೆ ಬರುತ್ತದೆ: 37, 17, 16, 14, 9, 8. ಘಾತವನ್ನು ತೆಗೆದು ಮೂಲ ಡೊಂಟ್ ವಿಧಾನದಲ್ಲಿ ಹಂಚಿದರೆ ಬರುವುದು 34, 17, 17, 14, 10, 9. ರಿಫಾರ್ಮ್ ಪಕ್ಷದ ಮೂರು ಸ್ಥಾನ ಕಳಚಿ ಸೆಂಟರ್, ಸೋಷಿಯಲ್ ಡೆಮಾಕ್ರಟ್, ಇಸಾಮಾಗಳಿಗೆ ಒಂದೊಂದು ಹೋಗುತ್ತದೆ. ನೂರೊಂದರಲ್ಲಿ ಮೂರು ಏನು ಮಹಾ ಎನ್ನಬೇಡಿ. ಮುಂದೆ ಈ ಮೂರರ ಬೆಲೆ ಗೊತ್ತಾಗುತ್ತದೆ.

ರಿಫಾರ್ಮ್ ಪಕ್ಷದ ಹೆಚ್ಚುವರಿಗೆ ಇನ್ನೊಂದು ಮೂಲವೂ ಇದೆ. ಶೇ. 5ರ ಗೆರೆ ದಾಟದ ಪಕ್ಷಗಳಿಗೂ ಸ್ವತಂತ್ರರಿಗೂ ಸೇರಿ ಬಿದ್ದ ಸುಮಾರು ಶೇ. 6.6 ಮತಗಳಿಗೆ ಒಂದು ಸ್ಥಾನವೂ ಸಿಗಲಿಲ್ಲ. ಆ ಪಾಲು ಗೆದ್ದ ಆರು ಪಕ್ಷಗಳಿಗೆ ಹಂಚಿಹೋಯಿತು. ಇದರಲ್ಲಿ ಇಡಾ-ವಿರು ಕ್ಷೇತ್ರದ ಮತಗಳೂ ಇದ್ದವು. ಅಲ್ಲಿನ ಬಹುಪಾಲು ಜನ ರಷ್ಯನ್ ಮಾತಾಡುವವರು. ಸೆಂಟರ್ ಪಕ್ಷದಿಂದ ಹೊರಹಾಕಲ್ಪಟ್ಟು ಸ್ವತಂತ್ರವಾಗಿ ನಿಂತ ಮಿಖಾಯಿಲ್ ಸ್ಟಾಲ್ನುಖಿನ್ ಮತ್ತು ಯುನೈಟೆಡ್ ಲೆಫ್ಟ್ ಪಕ್ಷದ ಪಟ್ಟಿಯಲ್ಲಿದ್ದ ಐವೊ ಪೀಟರ್‌ಸನ್ ಅಲ್ಲಿ ಸಾವಿರಗಟ್ಟಲೆ ಮತ ಪಡೆದರು. ಆ ಕ್ಷೇತ್ರದಿಂದ ಸಂಸತ್ತಿಗೆ ಹೋದ ಕೆಲವರಿಗಿಂತ ಇವರ ಮತವೇ ಹೆಚ್ಚು. ಆದರೂ ಇಬ್ಬರೂ ಒಳಗೆ ಹೋಗಲಿಲ್ಲ. ಸ್ವಂತ ಬಲದ ಕೋಟಾ ಇಬ್ಬರೂ ಮುಟ್ಟಲಿಲ್ಲ. ಸ್ಟಾಲ್ನುಖಿನ್‌ಗೆ ಪಟ್ಟಿಯ ಆಸರೆಯೇ ಇರಲಿಲ್ಲ, ಪೀಟರ್‌ಸನ್ ಅವರ ಪಟ್ಟಿಗೆ ದೇಶಮಟ್ಟದಲ್ಲಿ ಶೇ. 5 ಬರಲಿಲ್ಲ. ಅವರ ರಾಜಕೀಯ ನನಗೆ ಒಪ್ಪಿತವಲ್ಲ. ಆದರೆ ಒಂದು ಪ್ರದೇಶದ ಅಸಮಾಧಾನ ಮತಪೆಟ್ಟಿಗೆಯಲ್ಲಿ ಕಾಣಿಸಿಕೊಂಡೂ ಸದನದಲ್ಲಿ ಕಾಣದೆ ಹೋದದ್ದು ಗಂಭೀರ ಸಂಗತಿ. ಜೊತೆಗೆ, ಯಾವ ದೇಶದ ಪೌರತ್ವವೂ ಇಲ್ಲದೆ ಎಸ್ಟೋನಿಯದಲ್ಲೇ ನೆಲೆಸಿರುವ ಸಾವಿರಾರು ಮಂದಿಗೆ ಸಂಸತ್ತಿನ ಚುನಾವಣೆಯಲ್ಲಿ ಮತವೇ ಇಲ್ಲ. ಆ ಹಕ್ಕು ಇರುವುದು 18 ತುಂಬಿದ ಎಸ್ಟೋನಿಯದ ಪೌರರಿಗೆ ಮಾತ್ರ.

ವ್ಯಕ್ತಿಗೆ ಬಿದ್ದ ಮತ ಪಕ್ಷಕ್ಕೂ ಸಲ್ಲುತ್ತದೆ ಎಂಬ ನಿಯಮದ ಫಲ ನೋಡಬೇಕೆಂದರೆ ಅದೇ ಚುನಾವಣೆಯ ಕಾಯಾ ಕಲ್ಲಾಸ್ ಅವರನ್ನು ನೋಡಬೇಕು. ಆಗ ಪ್ರಧಾನಿಯಾಗಿದ್ದ ಅವರು ಹಾರ್ಯು ಮತ್ತು ರಾಪ್ಲಾ ಕ್ಷೇತ್ರದಲ್ಲಿ 31,816 ಮತ ಪಡೆದರು. ದೇಶದ ಸಂಸತ್ ಚುನಾವಣೆಗಳಲ್ಲಿ ಒಬ್ಬ ಅಭ್ಯರ್ಥಿಗೆ ಬಿದ್ದ ದಾಖಲೆಯ ಮತ ಅದು. ಅವರೊಬ್ಬರು ಗೆಲ್ಲಲು ಒಂದು ಕೋಟಾ ಸಾಕಿತ್ತು; ಮಿಕ್ಕ ಮತಗಳೆಲ್ಲ ಪಟ್ಟಿಯ ಕೆಳಗಿನವರನ್ನು ಎತ್ತಿದವು. ಉಕ್ರೇನ್ ಮೇಲೆ ರಷ್ಯ ದಾಳಿ ಮಾಡಿ ಆಗತಾನೆ ಒಂದು ವರ್ಷವಾಗಿತ್ತು. ಉಕ್ರೇನಿನ ಪರವಾಗಿ ಯುರೋಪಿನಲ್ಲಿ ಗಟ್ಟಿ ದನಿಯಲ್ಲಿ ಮಾತಾಡಿದವರಲ್ಲಿ ಕಲ್ಲಾಸ್ ಮುಂಚೂಣಿಯಲ್ಲಿದ್ದರು. ಮತದಾರರು ಅದನ್ನು ನೆನಪಿನಲ್ಲಿಟ್ಟು ಮತ ಹಾಕಿದರೆಂಬುದು ನನ್ನ ಅಂದಾಜು.

ಆ ರಾತ್ರಿಯ ಎಣಿಕೆಯೂ ವಿಚಿತ್ರವಾಗಿ ಸಾಗಿತು. ಎಸ್ಟೋನಿಯದಲ್ಲಿ ಮನೆಯಿಂದಲೇ ಅಂತರ್ಜಾಲದ ಮೂಲಕ ಮತ ಹಾಕಬಹುದು. 2005ರ ಸ್ಥಳೀಯ ಚುನಾವಣೆಯಲ್ಲಿ ಶುರುವಾದ ಈ ಪದ್ಧತಿ 2007ರಲ್ಲಿ ಸಂಸತ್ ಚುನಾವಣೆಗೂ ಬಂತು. ಗುರುತಿನ ಚೀಟಿಯ ಚಿಪ್ ಅಥವಾ ಮೊಬೈಲ್ ಮೂಲಕ ತಾನು ಯಾರೆಂದು ದೃಢಪಡಿಸಿ ಮತ ಒತ್ತುವುದು. ಮನಸ್ಸು ಬದಲಾದರೆ ಅವಧಿ ಮುಗಿಯುವವರೆಗೆ ಮತ್ತೆ ಒತ್ತಬಹುದು, ಕೊನೆಯದು ಮಾತ್ರ ಎಣಿಕೆಗೆ. ಮತಗಟ್ಟೆಗೆ ಹೋಗಿ ಕಾಗದದ ಮತ ಹಾಕಿದರೆ ಅಂತರ್ಜಾಲದ ಮತ ರದ್ದಾಗುತ್ತದೆ. ಯಾರಾದರೂ ಪಕ್ಕದಲ್ಲಿ ನಿಂತು ಒತ್ತಾಯಿಸಿದರೂ ಆಮೇಲೆ ತನ್ನಿಷ್ಟದಂತೆ ಬದಲಿಸಿಕೊಳ್ಳಲು ದಾರಿ ಇರಲೆಂದು ಈ ಏರ್ಪಾಡು. 2023ರಲ್ಲಿ ಮೊದಲ ಬಾರಿಗೆ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ. 51ರಷ್ಟು ಮತಗಳು ಹೀಗೆ ಬಂದವು. ಅಂದು ಮೊದಲು ಪ್ರಕಟವಾದ ಕಾಗದದ ಮತಗಳಲ್ಲಿ ಎಕ್ರೆ ಮುಂದಿತ್ತು. ಅಂತರ್ಜಾಲದ ಮತಗಳು ಬಂದು ಸೇರಿದಾಗ ರಿಫಾರ್ಮ್ ಬಹುದೂರ ಮುಂದೆ ಹೋಯಿತು. ಎಕ್ರೆಯ ನಾಯಕ ಮಾರ್ಟಿನ್ ಹೆಲ್ಮೆ ಫಲಿತಾಂಶವನ್ನು ಒಪ್ಪದೆ ಪಕ್ಷ ದೂರು ಕೊಟ್ಟಿತು. ಸುಪ್ರೀಂ ಕೋರ್ಟ್ ದೂರನ್ನು ತಳ್ಳಿಹಾಕಿತು. ಎರಡು ಬಗೆಯ ಮತಗಳ ನಡುವೆ ಅಷ್ಟು ಅಂತರ ಏಕೆ ಎಂಬುದಕ್ಕೆ ನನಗೆ ಕಾಣುವ ಉತ್ತರ ಸರಳ. ಅಂತರ್ಜಾಲದ ಮತವನ್ನು ನಂಬಬೇಡಿ ಎಂದು ಎಕ್ರೆ ವರ್ಷಗಟ್ಟಲೆ ಹೇಳುತ್ತ ಬಂದಿತ್ತು. ಅದರ ಬೆಂಬಲಿಗರು ಆ ಮಾತು ಕೇಳಿ ಮತಗಟ್ಟೆಗೇ ಹೋದರು.

ಈಗ ಸದನದೊಳಗಿನ ಲೆಕ್ಕ. 101ರಲ್ಲಿ ಬಹುಮತಕ್ಕೆ 51 ಬೇಕು. ಒಬ್ಬರಿಗೇ ಅಷ್ಟು ಬರುವ ವ್ಯವಸ್ಥೆ ಇದಲ್ಲ. ಹಾಗಾಗಿ ಚುನಾವಣೆಯ ಮರುದಿನವೇ ಮಾತುಕತೆ ಶುರು. ರಾಷ್ಟ್ರಪತಿ ಒಬ್ಬರನ್ನು ಪ್ರಧಾನಿ ಅಭ್ಯರ್ಥಿಯೆಂದು ಹೆಸರಿಸುತ್ತಾರೆ, ಅವರು ಸದನದ ಮುಂದೆ ಬಂದು ಸರ್ಕಾರ ರಚಿಸಲು ಒಪ್ಪಿಗೆ ಕೇಳಬೇಕು. ಸದನ ಇಲ್ಲವೆಂದರೆ ಇನ್ನೊಬ್ಬರಿಗೆ ಅವಕಾಶ. ಆಗಲೂ ಆಗದಿದ್ದರೆ ಸದನವೇ ಹೆಸರಿಸಬೇಕು. ಅದೂ ಆಗದಿದ್ದರೆ ಮರುಚುನಾವಣೆ.

ಅತಿ ದೊಡ್ಡ ಪಕ್ಷವೆಂದರೆ ಅಧಿಕಾರ ಸಿಕ್ಕಿತೆಂದು ಅರ್ಥವಲ್ಲ ಎಂಬುದಕ್ಕೆ ಹಿಂದಿನ ಅವಧಿಯೇ ಸಾಕ್ಷಿ. 2019ರಲ್ಲಿ ರಿಫಾರ್ಮ್ 34, ಸೆಂಟರ್ 26, ಎಕ್ರೆ 19, ಇಸಾಮಾ 12, ಸೋಷಿಯಲ್ ಡೆಮಾಕ್ರಟರು 10 ಸ್ಥಾನ ಗೆದ್ದಿದ್ದರು. ಕಾಯಾ ಕಲ್ಲಾಸ್ ಮೊದಲು ಸದನದ ಮುಂದೆ ಬಂದರು. ಪರ 45, ವಿರುದ್ಧ 53. ಸೋತರು. ಎರಡು ದಿನದ ನಂತರ ಸೆಂಟರ್ ಪಕ್ಷದ ಯೂರಿ ರತಾಸ್ 55 ಮತ ಪಡೆದು, ಎಕ್ರೆ ಮತ್ತು ಇಸಾಮಾ ಜೊತೆ ಸೇರಿ ಪ್ರಧಾನಿಯಾದರು. 2021ರ ಜನವರಿಯಲ್ಲಿ ಸೆಂಟರ್ ಪಕ್ಷದ ಮೇಲೆ ಭ್ರಷ್ಟಾಚಾರದ ತನಿಖೆ ಬಂದು ರತಾಸ್ ರಾಜೀನಾಮೆ ಕೊಟ್ಟರು. ಆಗ ಅದೇ ಸದನದಲ್ಲಿ ರಿಫಾರ್ಮ್ ಮತ್ತು ಸೆಂಟರ್ ಕೈಜೋಡಿಸಿ ಕಲ್ಲಾಸ್ ಪ್ರಧಾನಿಯಾದರು. 2022ರ ಜೂನ್‌ನಲ್ಲಿ ಸೆಂಟರ್ ಸಚಿವರನ್ನು ಕಳಿಸಿ, ಜುಲೈಯಲ್ಲಿ ಇಸಾಮಾ ಹಾಗೂ ಸೋಷಿಯಲ್ ಡೆಮಾಕ್ರಟರನ್ನು ಸೇರಿಸಿಕೊಂಡು ಇನ್ನೊಂದು ಸರ್ಕಾರ. ಒಂದೇ ಚುನಾವಣೆ, ಮೂರು ಬೇರೆ ಬೇರೆ ಮೈತ್ರಿ. ಮತದಾರ ಕೊಟ್ಟ ಸಂಖ್ಯೆಗಳು ಮಾತ್ರ ಅವೇ.

2023ರಲ್ಲಿ ಅಷ್ಟು ಕಷ್ಟವಾಗಲಿಲ್ಲ. ಮಾರುಕಟ್ಟೆ, ತೆರಿಗೆಗಳ ವಿಚಾರದಲ್ಲಿ ರಿಫಾರ್ಮ್‌ಗೆ ಹತ್ತಿರವಿದ್ದ ಎಸ್ಟೋನಿಯ 200 ಪಕ್ಷ 2018ರಲ್ಲಿ ಹುಟ್ಟಿದ್ದು, 2019ರಲ್ಲಿ ಶೇ. 5 ಮುಟ್ಟಲಾಗದೆ ಹೊರಗುಳಿದಿತ್ತು. ಈ ಬಾರಿ ಒಮ್ಮೆಗೇ 14 ಸ್ಥಾನ. ಅದನ್ನೂ ಸೋಷಿಯಲ್ ಡೆಮಾಕ್ರಟರನ್ನೂ ಸೇರಿಸಿಕೊಂಡು ಕಲ್ಲಾಸ್ 60 ಸದಸ್ಯರ ಬಲದ ಸರ್ಕಾರ ರಚಿಸಿದರು. ಏಪ್ರಿಲ್ 17ರಂದು ಅದು ಅಧಿಕಾರಕ್ಕೆ ಬಂತು. ಎಸ್ಟೋನಿಯ 200ರ ಲೌರಿ ಹುಸ್ಸಾರ್ ಸಭಾಧ್ಯಕ್ಷರಾದರು.

60 ಆರಾಮದ ಬಹುಮತ. ಆದರೆ ಸಂವಿಧಾನ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಗೆರೆ ಎಳೆದಿದೆ. ಸಾಮಾನ್ಯ ಕಾನೂನಿಗೆ ಅಂದು ಮತ ಹಾಕಿದವರಲ್ಲಿ ಹೆಚ್ಚಿನವರು ಒಪ್ಪಿದರೆ ಸಾಕು. ಪೌರತ್ವ, ಚುನಾವಣೆಯಂಥ ಕೆಲವು ಮೂಲಭೂತ ಕಾನೂನುಗಳಿಗೆ ಒಟ್ಟು ಸದಸ್ಯರ ಬಹುಮತ, ಅಂದರೆ 51 ಬೇಕೇ ಬೇಕು. ಸಂವಿಧಾನ ತಿದ್ದುಪಡಿಯನ್ನು ಜನಮತಗಣನೆಗೆ ಕಳಿಸಲು ಐದರಲ್ಲಿ ಮೂರು ಪಾಲು: 61. ಸರ್ಕಾರಕ್ಕೆ ಸರಿಯಾಗಿ ಒಂದು ಕಡಿಮೆ. ರಾಷ್ಟ್ರಪತಿಯನ್ನು ಸದನದಲ್ಲೇ ಆರಿಸಲು ಮೂರರಲ್ಲಿ ಎರಡು ಪಾಲು: 68. ಅಲಾರ್ ಕಾರಿಸ್ 2021ರಲ್ಲಿ 72 ಮತ ಪಡೆದು ಆಯ್ಕೆಯಾಗಿದ್ದು ಸರ್ಕಾರ, ವಿರೋಧ ಎರಡೂ ಕಡೆಯ ಮತಗಳು ಸೇರಿದ್ದರಿಂದ.

60ರ ಬಲ ಇದ್ದರೂ ಮೊದಲ ತಿಂಗಳುಗಳು ಸುಗಮವಾಗಿರಲಿಲ್ಲ. ತೆರಿಗೆ ಏರಿಕೆಯ ವಿರುದ್ಧ, ಸಲಿಂಗ ವಿವಾಹದ ವಿರುದ್ಧ ಎಕ್ರೆ ಮೊದಲಾದ ವಿರೋಧಿಗಳು ನೂರಾರು ತಿದ್ದುಪಡಿಗಳನ್ನು ಮಂಡಿಸಿ ಕಲಾಪ ಎಳೆದರು. ಸರ್ಕಾರ ಮಸೂದೆಗಳನ್ನು ವಿಶ್ವಾಸಮತಕ್ಕೆ ಕಟ್ಟಿಹಾಕಿ ಮುಂದೆ ಸಾಗಿತು. ಮಸೂದೆ ಬಿದ್ದರೆ ಸರ್ಕಾರವೇ ಬೀಳುತ್ತದೆ. ಹಾಗಾಗಿ ಮೈತ್ರಿ ಸದಸ್ಯರು ಕದಲುವಂತಿಲ್ಲ. ವಿವಾಹ ಸಮಾನತೆಯ ಕಾನೂನು 2023ರ ಜೂನ್ 20ರಂದು ಹೀಗೆಯೇ, 55 ಪರ, 34 ವಿರುದ್ಧ ಮತಗಳಿಂದ ಅಂಗೀಕಾರವಾಯಿತು. ಆ ಕಾನೂನು ನನಗೆ ಮೆಚ್ಚುಗೆಯದು. ಆದರೆ ಇಂಥ ದೊಡ್ಡ ವಿಷಯ ವಿಶ್ವಾಸಮತದ ನೆರಳಿಲ್ಲದೆ ಚರ್ಚೆಯಾಗಿದ್ದರೆ ಇನ್ನೂ ಚೆನ್ನಾಗಿತ್ತು ಅನಿಸುತ್ತದೆ.

ಸದನದ ಮುಖಗಳು ಅವಧಿಯ ನಡುವೆಯೂ ಬದಲಾಗುತ್ತವೆ. ಸಂಸದರು ಸಚಿವರಾದರೆ ಅವರ ಸದಸ್ಯತ್ವ ಅಮಾನತಿನಲ್ಲಿರುತ್ತದೆ, ಅವರ ಜಾಗಕ್ಕೆ ಅದೇ ಪಕ್ಷದ ಮುಂದಿನ ಅಭ್ಯರ್ಥಿ ಬಂದು ಕೂರುತ್ತಾರೆ. ಸಚಿವ ಸ್ಥಾನ ಹೋದ ದಿನ ಮೂಲ ಸದಸ್ಯರು ವಾಪಸು, ಬದಲಿ ಸದಸ್ಯರು ಮನೆಗೆ. ಇದರಿಂದ ಉಪಚುನಾವಣೆಯ ಗೊಡವೆಯೇ ಇಲ್ಲ, ಪಕ್ಷಗಳ ಬಲವೂ ಏರುಪೇರಾಗುವುದಿಲ್ಲ.

ಏರುಪೇರಾಗುವುದು ಪಕ್ಷ ಒಡೆದಾಗ. 2023ರ ಸೆಪ್ಟೆಂಬರ್‌ನಲ್ಲಿ ಸೆಂಟರ್ ಪಕ್ಷದ ಅಧ್ಯಕ್ಷಗಿರಿಗೆ ನಡೆದ ಪೈಪೋಟಿಯಲ್ಲಿ ಆಗಿನ ಟಾಲಿನ್ ಮೇಯರ್ ಮಿಖಾಯಿಲ್ ಕೋಲ್ವಾರ್ಟ್ ಗೆದ್ದು ಯೂರಿ ರತಾಸ್ ಸೋತರು. ಮುಂದಿನ ತಿಂಗಳುಗಳಲ್ಲಿ ಸಂಸದರು ಒಬ್ಬೊಬ್ಬರಾಗಿ ಹೊರನಡೆದರು. ರತಾಸ್ ಇಸಾಮಾ ಸೇರಿದರು, ತಾನೆಲ್ ಕೀಕ್ ಮತ್ತಿತರರು ಸೋಷಿಯಲ್ ಡೆಮಾಕ್ರಟರತ್ತ ಹೋದರು. ಗೆದ್ದ 16ರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೋದಂತಾಯಿತು. ಹೋದವರ ಸ್ಥಾನ ಕಳೆಯುವುದಿಲ್ಲ. ನಮ್ಮಲ್ಲಿರುವಂಥ ಪಕ್ಷಾಂತರ ನಿಷೇಧ ಅಲ್ಲಿಲ್ಲ. ಆದರೆ ಒಂದು ಪಟ್ಟಿಯಿಂದ ಗೆದ್ದವರು ಸದನದಲ್ಲಿ ಇನ್ನೊಂದು ಪಕ್ಷದ ಗುಂಪಿಗೆ ಸೇರುವಂತಿಲ್ಲ. ಹಾಗಾಗಿ ಹೊರಗೆ ಅವರು ಹೊಸ ಪಕ್ಷದ ಸದಸ್ಯರು, ಸದನದ ದಾಖಲೆಯಲ್ಲಿ ಯಾವ ಗುಂಪಿಗೂ ಸೇರದವರು. ಆ ಸಂಸತ್ತಿನ ಬಲಾಬಲದ ಪಟ್ಟಿಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದು ಮುಖ್ಯ ಕಾರಣ.

2024ರ ಜುಲೈಯಲ್ಲಿ ಕಲ್ಲಾಸ್ ಯುರೋಪಿಯನ್ ಒಕ್ಕೂಟದ ವಿದೇಶಾಂಗ ಹೊಣೆಗೆ ಹೋಗಲೆಂದು ರಾಜೀನಾಮೆ ಕೊಟ್ಟರು. ಅವರದೇ ಪಕ್ಷದ ಕ್ರಿಸ್ಟೆನ್ ಮಿಖಾಲ್ ಪ್ರಧಾನಿಯಾದರು. ಮೈತ್ರಿ ಅದೇ ಮೂರು ಪಕ್ಷಗಳದ್ದು. 2025ರ ಮಾರ್ಚ್‌ನಲ್ಲಿ ಮಿಖಾಲ್ ಸೋಷಿಯಲ್ ಡೆಮಾಕ್ರಟರನ್ನು ಸರ್ಕಾರದಿಂದ ಹೊರಗಿಟ್ಟರು. ಅದೇ ತಿಂಗಳು ಸದನ ಸಂವಿಧಾನವನ್ನೇ ತಿದ್ದಿತು. ರಷ್ಯ ಮತ್ತು ಬೆಲರೂಸ್ ಪೌರರಿಗೆ ಸ್ಥಳೀಯ ಚುನಾವಣೆಯಲ್ಲಿದ್ದ ಮತದ ಹಕ್ಕನ್ನು ತೆಗೆಯುವ ತಿದ್ದುಪಡಿ 93 ಮತಗಳಿಂದ ಅಂಗೀಕಾರವಾಯಿತು, ವಿರುದ್ಧ ಬಿದ್ದದ್ದು 7. ಆಡಳಿತ, ವಿರೋಧ ಎಂಬ ಗೆರೆ ಆ ದಿನ ಅಳಿಸಿಹೋಗಿತ್ತು. ಆದರೆ ದಿನನಿತ್ಯದ ಆಡಳಿತಕ್ಕೆ 93 ಸಿಗುವುದಿಲ್ಲ. ಅಲ್ಲಿ ಉಳಿದದ್ದು ಎರಡೇ ಪಕ್ಷಗಳು. ಮತದಾರ ಕೊಟ್ಟ ಲೆಕ್ಕದಲ್ಲಿ ರಿಫಾರ್ಮ್ 37, ಎಸ್ಟೋನಿಯ 200ಕ್ಕೆ 14, ಕೂಡಿದರೆ 51.

ಆ ಮೂರು ಸ್ಥಾನಗಳ ಬೆಲೆ ಗೊತ್ತಾಗುವುದು ಇಲ್ಲೇ. 0.9ರ ಘಾತವಿಲ್ಲದ ಡೊಂಟ್ ಲೆಕ್ಕದಲ್ಲಿ ಇದೇ ಎರಡು ಪಕ್ಷಗಳಿಗೆ ಬರುತ್ತಿದ್ದದ್ದು 34 ಮತ್ತು 14, ಒಟ್ಟು 48. ಆಗ ಸೋಷಿಯಲ್ ಡೆಮಾಕ್ರಟರನ್ನು ಕಳಿಸುವ ಮುನ್ನ ಮಿಖಾಲ್ ಇನ್ನೊಬ್ಬ ಜೊತೆಗಾರನನ್ನು ಹುಡುಕಲೇಬೇಕಾಗುತ್ತಿತ್ತು. ದೊಡ್ಡ ಪಕ್ಷಕ್ಕೆ ಸ್ವಲ್ಪ ಹೆಚ್ಚು ಬಲ ಕೊಟ್ಟರೆ ಸದನ ಚೂರುಚೂರಾಗದು, ಸರ್ಕಾರ ನಿಲ್ಲುತ್ತದೆ ಎಂಬುದು ಇಂಥ ರಿಯಾಯಿತಿಯ ಪರವಾದ ವಾದ. ಅದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಶೇ. 5ರ ಗೆರೆ ಆ ಕೆಲಸವನ್ನು ಆಗಲೇ ಮಾಡುತ್ತಿದೆ. ಅದರ ಮೇಲೆ ಇನ್ನೊಂದು ರಿಯಾಯಿತಿ ಏಕೆ ಬೇಕೆಂಬ ಪ್ರಶ್ನೆಗೆ ನನಗೆ ತೃಪ್ತಿಯಾಗುವ ಉತ್ತರ ಸಿಕ್ಕಿಲ್ಲ. ಒಟ್ಟು ಮತಗಳಲ್ಲಿ ಶೇ. 44.5 ಪಡೆದ ಎರಡು ಪಕ್ಷಗಳು ಸದನದ ಅರ್ಧಕ್ಕಿಂತ ಹೆಚ್ಚನ್ನು ಹಿಡಿದದ್ದು ಗೆರೆ ಮತ್ತು ಘಾತ ಎರಡೂ ಸೇರಿದ್ದರಿಂದ.

ಆ ಘಾತವನ್ನು ಬರೆದಿರುವುದು ರೀಗಿಕೋಗು ಚುನಾವಣಾ ಕಾನೂನಿನಲ್ಲಿ. ಅದು ಸಂವಿಧಾನ ಹೆಸರಿಸಿರುವ ಮೂಲಭೂತ ಕಾನೂನುಗಳಲ್ಲೊಂದು. ಅದನ್ನು ಬದಲಿಸಲೂ ಬೇಕಾಗುವುದು 51 ಮತ.